ಪೀಠ ಏರುವವರು ಯಾರು?

ಎಲ್ಲರೂ ಪಲ್ಲಕ್ಕಿಯಲ್ಲಿ ಕುಳಿತರೆ ಹೊರುವವರು ಯಾರು ಎಂದು ಹಿರಿಯರು ಕೇಳುವುದುಂಟು. ಸಂಘ ಸಂಸ್ಥೆಗಳ ಒಳಹೊರಗನ್ನು ಚೆನ್ನಾಗಿ ಬಲ್ಲವರ ಪ್ರಶ್ನೆ ಅದು. ಆದರೆ ಹೊರುವುದಕ್ಕೆ ಸಾವಿರ ಹೆಗಲುಗಳು ಸಿದ್ಧವಾಗಿ ನಿಂತಿದ್ದು, ಒಳಗೆ ಕೂರುವುದಕ್ಕೆ ಮಾತ್ರ ಒಬ್ಬರೂ ಮುಂದೆ ಬಾರದಿದ್ದರೆ? ಅಂಥ ವಿಚಿತ್ರ ಪ್ರಸಂಗವೊಂದು ೨೦೧೯ರ ಮಾರ್ಚ್ ತಿಂಗಳಿನಲ್ಲಿ ನಿಜವಾಗಿಯೂ ನಡೆಯಿತು.

ಆ ಸಂಸ್ಥೆಯ ಹೆಸರು ಡೆಬಿಯನ್. ಕಂಪ್ಯೂಟರುಗಳನ್ನು ನಡೆಸುವ ತಂತ್ರಾಂಶವನ್ನು ಸಿದ್ಧಪಡಿಸಿ, ಯಾರು ಬೇಕಾದರೂ ಬೆಲೆ ಕೊಡದೆ ಪಡೆದು, ಬಳಸಿ, ಬೇಕಾದಂತೆ ತಿದ್ದಿ, ಇನ್ನೊಬ್ಬರಿಗೂ ಹಂಚಬಹುದೆಂದು ಲೋಕದ ಮುಂದಿಡುವ ಸ್ವಯಂಸೇವಕರ ಬಳಗ ಅದು. ಮತದಾನದ ಹಕ್ಕುಳ್ಳ ಸದಸ್ಯರು ಸುಮಾರು ಒಂದು ಸಾವಿರ. ಅವರ ವಾಸ ಹತ್ತಾರು ದೇಶಗಳಲ್ಲಿ. ವರ್ಷಕ್ಕೊಮ್ಮೆ ಇವರೆಲ್ಲ ಸೇರಿ ತಮಗೊಬ್ಬ ನಾಯಕರನ್ನು ಆರಿಸಿಕೊಳ್ಳುತ್ತಾರೆ. ಆ ವರ್ಷವೂ ಪದ್ಧತಿಯಂತೆ ಚುನಾವಣೆಯ ಪ್ರಕಟಣೆ ಹೊರಟಿತು. ಉಮೇದುವಾರರು ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳಲು ಒಂದು ವಾರದ ಅವಧಿ ಇತ್ತು. ದಿನಗಳು ಒಂದೊಂದಾಗಿ ಉರುಳಿದವು. ವಾರ ಮುಗಿದಾಗ ಲೆಕ್ಕ ನೋಡಿದರೆ ಒಂದು ಹೆಸರೂ ಬಂದಿರಲಿಲ್ಲ!

ಸಂಸ್ಥೆ ಪಾಳುಬಿದ್ದಿತ್ತೆ? ಇಲ್ಲ. ಕೆಲಸ ಎಂದಿನಂತೆ ಭರದಿಂದ ಸಾಗಿತ್ತು. ಅದೇ ವರ್ಷದ ಜುಲೈ ತಿಂಗಳಿನಲ್ಲಿ ಹೊರಬರಬೇಕಾಗಿದ್ದ ಹತ್ತನೆಯ ಆವೃತ್ತಿಗಾಗಿ ನೂರಾರು ಮಂದಿ ದುಡಿಯುತ್ತಿದ್ದರು. ದುಡಿಯುವವರಿಗೆ ಬರವಿರಲಿಲ್ಲ, ‘ನಾನು ಮುಂದೆ ನಿಲ್ಲುತ್ತೇನೆ’ ಎನ್ನುವವರಿಗೆ ಬರ ಬಂದಿತ್ತು. ಯಾವುದೇ ಸಂಘದ ವಾರ್ಷಿಕ ಸಭೆಯಲ್ಲಿ ‘ಮುಂದಿನ ಸಾಲಿನ ಅಧ್ಯಕ್ಷರು ಯಾರು?’ ಎಂದು ಕೇಳಿದ ಕೂಡಲೇ ಜನ ನೆಲ ನೋಡುವುದನ್ನು ಕಂಡವರಿಗೆ ಈ ಮೌನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಬ್ಬರ ಹೆಸರು ಹೊತ್ತ ಮನೆ

ಈ ಮನೆ ಕಟ್ಟಿದ ಕಥೆ ಸ್ವಾರಸ್ಯವಾಗಿದೆ. ೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅವರು ಲೀನಕ್ಸ್ ಎಂಬ ತಂತ್ರಾಂಶದ ತಿರುಳನ್ನು ರಚಿಸಿ ಎಲ್ಲರಿಗೂ ತೆರೆದಿಟ್ಟರು. ಆದರೆ ಬರಿಯ ತಿರುಳಿನಿಂದ ಯಂತ್ರವು ಜನಸಾಮಾನ್ಯರ ಕೈಗೆ ಒಗ್ಗುವುದಿಲ್ಲ. ಅಕ್ಕಿ, ಬೇಳೆ, ಉಪ್ಪು, ಹುಳಿ ಎಲ್ಲವೂ ಬೇರೆಬೇರೆ ಕಡೆಯಿಂದ ಬಂದು ಒಂದೇ ಅಡಿಗೆಮನೆಯಲ್ಲಿ ಒದಗಿದರೆ ತಾನೆ ಊಟ? ಹಾಗೆ ಬಿಡಿಬಿಡಿಯಾಗಿದ್ದ ನೂರಾರು ತಂತ್ರಾಂಶಗಳನ್ನು ಒಪ್ಪವಾಗಿ ಜೋಡಿಸಿಕೊಡುವ ಸಂಕಲ್ಪ ಮಾಡಿದವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್. ೧೯೯೩ರ ಆಗಸ್ಟ್ ೧೬ರಂದು ಅವರು ತಮ್ಮ ಯೋಜನೆಯನ್ನು ಪ್ರಕಟಿಸಿದರು. ತಮ್ಮ ಪ್ರೇಯಸಿ ಡೆಬ್ರಾ ಅವರ ಹೆಸರಿನ ಮೊದಲ ಭಾಗಕ್ಕೆ ಇಯಾನ್ ಎಂಬ ತಮ್ಮ ಹೆಸರನ್ನು ಸೇರಿಸಿ ‘ಡೆಬಿಯನ್’ ಎಂದು ನಾಮಕರಣ ಮಾಡಿದರು. ಆ ತರುಣಿಯೇ ಮುಂದೆ ಅವರ ಕೈಹಿಡಿದಳು.

ಮೂರು ದಶಕಗಳಲ್ಲಿ ಆ ಮನೆ ಬೆಳೆದ ಪರಿಯನ್ನು ಊಹಿಸುವುದು ಕಷ್ಟ. ೨೦೨೫ರ ಆಗಸ್ಟಿನಲ್ಲಿ ಹೊರಬಂದ ಹದಿಮೂರನೆಯ ಆವೃತ್ತಿಯಲ್ಲಿ ಒಪ್ಪಗೊಳಿಸಿ ಕಟ್ಟಿಟ್ಟ ತಂತ್ರಾಂಶದ ಗಂಟುಗಳ ಸಂಖ್ಯೆ ೬೯,೦೦೦ವನ್ನು ಮೀರಿತ್ತು. ಪ್ರತಿಯೊಂದು ಗಂಟಿಗೂ ಅದನ್ನು ನೋಡಿಕೊಳ್ಳುವ ಒಬ್ಬ ಸ್ವಯಂಸೇವಕನೋ ಒಂದು ತಂಡವೋ ಬೇಕಷ್ಟೆ. ೨೦೦೪ರಲ್ಲಿ ಹುಟ್ಟಿ ಮನೆಮಾತಾದ ಉಬುಂಟು ಈ ಡೆಬಿಯನ್ನಿನ ತಳಪಾಯದ ಮೇಲೆಯೇ ನಿಂತಿದೆ. ೨೦೧೩ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಲ್ಯಾಪ್‌ಟಾಪುಗಳಿಗೂ ಡೆಬಿಯನ್ ಏರಿತು. ಆಕಾಶಕ್ಕೇರಿದ ಈ ವಸ್ತುವಿನ ಹಿಂದೆ ಒಡೆಯನೂ ಇಲ್ಲ, ಸಂಬಳದ ಪಟ್ಟಿಯೂ ಇಲ್ಲ.

ಮೊದಲ ನಾಯಕರು ಸಹಜವಾಗಿಯೇ ಮರ್ಡಾಕ್ ಆದರು. ೧೯೯೬ರಲ್ಲಿ ಅವರು ಬ್ರೂಸ್ ಪೆರೆನ್ಸ್ ಅವರಿಗೆ ಹೊಣೆಯೊಪ್ಪಿಸಿದರು. ಪೆರೆನ್ಸ್ ಆಗ ಪಿಕ್ಸಾರ್ ಎಂಬ ಚಲಚ್ಚಿತ್ರ ಸಂಸ್ಥೆಯಲ್ಲಿ ಉದ್ಯೋಗಿಗಳು. ಡೆಬಿಯನ್ನಿನ ಪ್ರತಿ ಆವೃತ್ತಿಗೂ ಆ ಸಂಸ್ಥೆಯ ‘ಟಾಯ್ ಸ್ಟೋರಿ’ ಚಿತ್ರದ ಆಟಿಕೆಗಳ ಹೆಸರನ್ನಿಡುವ ಪದ್ಧತಿಗೆ ಕಾರಣ ಇದೇ. ಅವರ ಕಾಲದಲ್ಲಿಯೇ, ೧೯೯೭ರಲ್ಲಿ, ‘ಸಾಮಾಜಿಕ ಒಪ್ಪಂದ’ ಎಂಬ ಪ್ರತಿಜ್ಞಾಪತ್ರವನ್ನು ಸಂಸ್ಥೆ ಅಂಗೀಕರಿಸಿತು. ಅದರ ಜೊತೆಗಿದ್ದ ನಿಯಮಾವಳಿಯೇ ಮರುವರ್ಷ ‘ಓಪನ್ ಸೋರ್ಸ್’ ಎಂಬ ಮಾತಿನ ವ್ಯಾಖ್ಯೆಗೆ ಮೂಲವಾಯಿತು. ಬಳಿಕ ಇಯಾನ್ ಜಾಕ್ಸನ್ ನಾಯಕರಾಗಿದ್ದಾಗ, ೧೯೯೮ರ ಡಿಸೆಂಬರಿನಲ್ಲಿ ಸಂಸ್ಥೆಗೆ ಒಂದು ಸಂವಿಧಾನವೂ ಸಿದ್ಧವಾಯಿತು. ಒಬ್ಬರು ಕರೆದು ಇನ್ನೊಬ್ಬರ ಕೈಗೆ ಕೀಲಿಕೈ ಕೊಡುವ ಕಾಲ ಅಲ್ಲಿಗೆ ಮುಗಿದು, ಮತಪೆಟ್ಟಿಗೆಯ ಕಾಲ ಬಂದಿತು.

ಅಪ್ಪಣೆ ಕೊಡಲಾಗದ ನಾಯಕ

ಆ ಸಂವಿಧಾನವನ್ನು ಓದಿದವರಿಗೆ ಮೊದಲು ನಗು ಬಂದರೂ ಬಂದೀತು. ಸಂಸ್ಥೆಗಾಗಿ ಯಾವ ಕೆಲಸವನ್ನೂ ಮಾಡಲೇಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲವೆಂದು ಅದು ಸ್ಪಷ್ಟವಾಗಿ ಸಾರುತ್ತದೆ. ಹೀಗಿರುವಾಗ ನಾಯಕನಾದವನು ಅಪ್ಪಣೆ ಕೊಡುವುದಾದರೂ ಯಾರಿಗೆ? ‘ಇದನ್ನು ಮಾಡು’ ಎಂದರೆ, ‘ನನಗೆ ಬಿಡುವಿಲ್ಲ’ ಎಂದು ಯಾವ ಸದಸ್ಯನಾದರೂ ತಣ್ಣಗೆ ಹೇಳಬಹುದು. ನಾಯಕನಿಗೆ ಸಂಬಳವಿಲ್ಲ. ಅವಧಿ ಒಂದೇ ವರ್ಷ. ಮೇಲಾಗಿ, ನಿರ್ಧಾರ ಕೈಗೊಳ್ಳುವಾಗ ಸದಸ್ಯರ ಒಟ್ಟಾಭಿಪ್ರಾಯಕ್ಕೆ ಹೊಂದಿಕೊಂಡು ನಡೆಯಬೇಕು, ಸ್ವಂತ ಮತವನ್ನೇ ಎತ್ತಿಹಿಡಿಯಬಾರದು ಎಂಬ ಬುದ್ಧಿವಾದ ಬೇರೆ!

ಹಾಗಾದರೆ ನಾಯಕನ ಕೆಲಸವೇನು? ಯಾರ ಪಾಲಿಗೂ ಬಾರದ ಕೆಲಸವೆಲ್ಲ ಅವನದು. ಯಂತ್ರಗಳನ್ನು ನೋಡಿಕೊಳ್ಳುವವರು, ಹೊಸ ಸದಸ್ಯರನ್ನು ಪರೀಕ್ಷಿಸುವವರು ಮೊದಲಾದ ತಂಡಗಳಿಗೆ ಪ್ರತಿನಿಧಿಗಳನ್ನು ನೇಮಿಸಬೇಕು. ತುರ್ತಿನ ಸಂದರ್ಭದಲ್ಲಿ ತೀರ್ಮಾನ ಹೇಳಬೇಕು. ಸಂಸ್ಥೆಯ ಹಣ ಅಮೆರಿಕದಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ಒಂದು ಸಾರ್ವಜನಿಕ ಹಿತದ ನಿಗಮವೇ ಮೊದಲಾದ ನಂಬಿಕೆಯ ಸಂಸ್ಥೆಗಳ ಬೊಕ್ಕಸದಲ್ಲಿದೆ. ಅದರ ಖರ್ಚಿಗೆ ಒಪ್ಪಿಗೆ ನೀಡಬೇಕು. ಸಭೆ ಸಮ್ಮೇಳನಗಳಲ್ಲಿ ಸಂಸ್ಥೆಯ ಪರವಾಗಿ ಮಾತನಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಇಬ್ಬರು ಒಳ್ಳೆಯವರು ಪರಸ್ಪರ ಮುಖ ಸಿಂಡರಿಸಿಕೊಂಡಾಗ ನಡುವೆ ಕುಳಿತು ಇಬ್ಬರ ಮಾತನ್ನೂ ಕೇಳಬೇಕು. ಕೂಡು ಕುಟುಂಬದಲ್ಲಿ ಹಿರಿಯ ಸೊಸೆಯಾಗಿ ಬಾಳಿದವರಿಗೆ ಈ ಪದವಿಯ ಸ್ವರೂಪ ಚೆನ್ನಾಗಿ ಅರ್ಥವಾದೀತು. ಅಧಿಕಾರದ ಬೀಗದ ಕೈ ಸೊಂಟದಲ್ಲಿ ಕಾಣುವುದಿಲ್ಲ. ಆದರೂ ಅವಳಿಲ್ಲದ ದಿನ ಒಲೆ ಹೊತ್ತಿಗೆ ಸರಿಯಾಗಿ ಉರಿಯುವುದಿಲ್ಲ.

ಇದಕ್ಕೊಂದು ನಿದರ್ಶನ ಕೊಡಬಹುದು. ಯಂತ್ರವನ್ನು ಹೊತ್ತಿಸಿದಾಗ ಮೊದಲು ಎಚ್ಚತ್ತು ಉಳಿದೆಲ್ಲವನ್ನೂ ಎಬ್ಬಿಸುವ ತಂತ್ರಾಂಶ ಯಾವುದಿರಬೇಕೆಂಬ ವಿಷಯದಲ್ಲಿ ಡೆಬಿಯನ್ ಸದಸ್ಯರಲ್ಲಿ ವರ್ಷಗಟ್ಟಲೆ ಜಗಳವಿತ್ತು. ೨೦೧೯ರ ಕೊನೆಯಲ್ಲಿ ಅಂದಿನ ನಾಯಕರು ಈ ಬಗ್ಗೆ ತಾವೇ ತೀರ್ಪು ಕೊಡಲು ಹೋಗಲಿಲ್ಲ; ಕೊಟ್ಟಿದ್ದರೆ ಕೇಳುವವರೂ ಇರಲಿಲ್ಲ. ಪ್ರಶ್ನೆಯನ್ನು ಸ್ಪಷ್ಟವಾದ ಮಾತುಗಳಲ್ಲಿ ಬರೆದು ಎಲ್ಲ ಸದಸ್ಯರ ಮುಂದಿಟ್ಟರು. ಬೇರೆಬೇರೆ ಪಕ್ಷದವರು ತಂತಮ್ಮ ಉತ್ತರಗಳನ್ನು ಸೇರಿಸಿದರು. ಡಿಸೆಂಬರ್ ಮುಗಿಯುವ ಮೊದಲು ಮತದಾನ ನಡೆದು ತೀರ್ಮಾನವಾಯಿತು. ನೆರೆಮನೆಯವರು ‘ಇಷ್ಟೇನೆ?’ ಎಂದಾರು. ಆದರೆ ಎಲ್ಲರೂ ಮುಟ್ಟಲು ಹೆದರುವ ಹುಣ್ಣಿಗೆ ಮುಲಾಮು ಹಚ್ಚುವವರು ಒಬ್ಬರಾದರೂ ಬೇಕಲ್ಲವೆ?

ಹಿಂಜರಿಕೆಯ ಕಾರಣಗಳು

ಇಂಥ ಪದವಿಗೆ ಜನ ಹಿಂಜರಿಯುವುದು ಅಸ್ವಾಭಾವಿಕವಲ್ಲ. ಹಗಲು ಉದ್ಯೋಗ, ಸಂಜೆ ಸಂಸಾರ. ಉಳಿದ ಹೊತ್ತಿನಲ್ಲಿ ಅಲ್ಲಿಯ ಸದಸ್ಯರು ತಮಗೆ ಪ್ರಿಯವಾದ ತಂತ್ರಾಂಶವನ್ನು ತಿದ್ದಿ ಆನಂದಪಡುವವರು. ನಾಯಕನಾದ ದಿನವೇ ಆ ಆನಂದಕ್ಕೆ ಸಂಚಕಾರ. ನೇಗಿಲು ಹಿಡಿದು ಸುಖವಾಗಿದ್ದವನನ್ನು ಪಟೇಲನನ್ನಾಗಿ ಮಾಡಿ ದಫ್ತರ ಕೊಟ್ಟಂತೆ. ದಿನ ಬೆಳಗಾದರೆ ಪತ್ರಗಳ ರಾಶಿ. ಅದರಲ್ಲಿ ಅರ್ಧ ದೂರುಗಳು. ಊರೂರು ತಿರುಗಾಟ ಬೇರೆ. ಹೊರಗಿನ ಉದ್ಯೋಗದ ಯಜಮಾನನು ಇದಕ್ಕೆಲ್ಲ ರಜೆ ಕೊಟ್ಟಾನೆಯೆ ಎಂಬ ಚಿಂತೆ ಇನ್ನೊಂದು.

ಇವು ಬಾಯಿಬಿಟ್ಟು ಹೇಳುವ ಕಾರಣಗಳು. ಹೇಳದೆ ಉಳಿಯುವ ಕಾರಣಗಳು ಇನ್ನೂ ಆಳವಾದವು. ‘ನನಗಿಂತ ಯೋಗ್ಯರು ಇರುವಾಗ ನಾನು ಮುಂದೆ ಬೀಳುವುದು ಎಷ್ಟು ಸರಿ?’ ಎಂಬ ಸಂಕೋಚ ಒಂದು. ‘ನಿಂತು ಸೋತರೆ ಸಾವಿರ ಜನರ ಮುಂದೆ ನಗೆಗೀಡಾದೇನು’ ಎಂಬ ಭಯ ಮತ್ತೊಂದು. ಯೋಗ್ಯರೆನಿಸಿಕೊಂಡ ಆ ಇನ್ನೊಬ್ಬರೂ ಹೀಗೆಯೇ ಯೋಚಿಸುತ್ತಿರುತ್ತಾರೆಂಬುದು ಯಾರಿಗೂ ಹೊಳೆಯುವುದಿಲ್ಲ. ಬಾಗಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಎಂದು ಉಪಚಾರ ಹೇಳುತ್ತ ನಿಂತ ನೆಂಟರಲ್ಲಿ ಒಬ್ಬರೂ ಒಳಕ್ಕೆ ಹೋಗದೆ ಅನ್ನ ಆರಿಹೋದಂತೆ.

ಎರಡನೆಯ ವಾರ

ಆ ಮಾರ್ಚ್ ತಿಂಗಳಿನ ಮೊದಲ ವಾರದಲ್ಲಿ ನಡೆದುದೂ ಬಹುಮಟ್ಟಿಗೆ ಇದೇ. ಹೆಸರುಗಳೇ ಬಾರದಿದ್ದರೆ ಅವಧಿಯನ್ನು ಇನ್ನೊಂದು ವಾರ ಮುಂದುವರಿಸಬೇಕು, ಬೇಕಾದಷ್ಟು ಸಲ ಹಾಗೆ ಮಾಡಬಹುದು ಎಂದು ಸಂವಿಧಾನ ಹೇಳುತ್ತದೆ. ನಾಯಕನೇ ಇಲ್ಲದ ಸ್ಥಿತಿ ಬಂದರೆ ತಾಂತ್ರಿಕ ಸಮಿತಿಯ ಅಧ್ಯಕ್ಷರೂ ಕಾರ್ಯದರ್ಶಿಗಳೂ ಒಮ್ಮತದಿಂದ ಕೆಲಸ ಸಾಗಿಸಬಹುದೆಂಬ ಏರ್ಪಾಡೂ ಇದೆ. ‘ನಾಯಕನಿಲ್ಲದಿದ್ದರೆ ಮುಳುಗುವುದೇನು?’ ಎಂಬ ಚರ್ಚೆಯೂ ಆಗ ನಡೆಯಿತು. ಚರ್ಚೆ ಕಾವೇರಿದಷ್ಟೂ, ಅಲ್ಲಿಯವರೆಗೆ ಇನ್ನೊಬ್ಬರ ಮುಖ ನೋಡುತ್ತಿದ್ದವರು ತಮ್ಮ ಮುಖವನ್ನು ತಾವೇ ಕನ್ನಡಿಯಲ್ಲಿ ನೋಡಿಕೊಳ್ಳುವಂತಾಯಿತು.

ಎರಡನೆಯ ವಾರ ಮುಗಿಯುವಷ್ಟರಲ್ಲಿ ಚಿತ್ರವೇ ಬದಲಾಯಿಸಿತು. ಶೂನ್ಯವಿದ್ದಲ್ಲಿ ಐದು ಹೆಸರುಗಳು ಬಂದವು. ಒಬ್ಬರು ಹಿಂತೆಗೆದುಕೊಂಡರೂ ನಾಲ್ವರು ಕಣದಲ್ಲಿ ಉಳಿದರು: ಯೋರ್ಗ್ ಯಾಸ್ಪರ್ಟ್, ಜೊನಾಥನ್ ಕಾರ್ಟರ್, ಸ್ಯಾಮ್ ಹಾರ್ಟ್‌ಮನ್ ಮತ್ತು ಮಾರ್ಟಿನ್ ಮಿಖ್ಲ್‌ಮಾಯರ್. ಇವರಲ್ಲಿ ಮಿಖ್ಲ್‌ಮಾಯರ್ ೨೦೦೩ರಿಂದ ೨೦೦೫ರವರೆಗೆ ಎರಡು ಅವಧಿಗೆ ನಾಯಕರಾಗಿ ದುಡಿದು ವಿಶ್ರಾಂತರಾಗಿದ್ದವರು. ಪೀಠ ಬರಿದಾಗಿದೆಯೆಂದು ಕಂಡು ಮತ್ತೆ ಬಂದು ನಿಂತರು. ಒಂದೇ ವಾರದ ಅಂತರದಲ್ಲಿ ಸಾವಿರ ಜನರಲ್ಲಿ ಹೊಸ ಯೋಗ್ಯತೆಯೇನೂ ಹುಟ್ಟಿರಲಿಲ್ಲ. ಇದ್ದ ಯೋಗ್ಯತೆಗೆ ಬಾಯಿ ಬಂದಿತ್ತು.

ಕೊನೆಗೆ ಏಪ್ರಿಲ್ ತಿಂಗಳಿನಲ್ಲಿ ಸ್ಯಾಮ್ ಹಾರ್ಟ್‌ಮನ್ ಆಯ್ಕೆಯಾದರು. ಭಿನ್ನಾಭಿಪ್ರಾಯಗಳನ್ನು ಸಹಾನುಭೂತಿಯಿಂದ ಬಗೆಹರಿಸುವುದೇ ತಮ್ಮ ಮುಖ್ಯ ಆಸಕ್ತಿಯೆಂದು ಅವರು ಹೇಳಿಕೊಂಡಿದ್ದರು. ಮೇಲೆ ಹೇಳಿದ ಆ ಹಳೆಯ ಜಗಳವನ್ನು ಮತದಾನಕ್ಕೆ ತಂದವರು ಅವರೇ.

ಮತ ಒಡೆಯದ ಚುನಾವಣೆ

ಈ ಮನೆಯವರು ಚುನಾವಣೆಯನ್ನು ನಡೆಸುವ ಕ್ರಮವೂ ನಿಲ್ಲುವವರ ಬೆನ್ನು ತಟ್ಟುವಂತಿದೆ. ಹೆಸರು ಸೂಚನೆಗೆ ಒಂದು ವಾರ, ವಿಚಾರ ವಿನಿಮಯಕ್ಕೆ ಮೂರು ವಾರ, ಮತದಾನಕ್ಕೆ ಎರಡು ವಾರ. ಉಮೇದುವಾರರು ತಾವು ಮಾಡಬೇಕೆಂದಿರುವುದನ್ನು ಒಂದು ಪ್ರಣಾಳಿಕೆಯಾಗಿ ಬರೆದು ಪ್ರಕಟಿಸುತ್ತಾರೆ. ಅನಂತರ ಯಾವ ಸದಸ್ಯನಾದರೂ ಬಹಿರಂಗವಾಗಿ ಪ್ರಶ್ನೆ ಕೇಳಬಹುದು. ಉತ್ತರವೂ ಬಹಿರಂಗವಾಗಿಯೇ ಬರುತ್ತದೆ. ಮೆರವಣಿಗೆ, ಹಾರ ತುರಾಯಿಗಳ ಗೊಡವೆಯಿಲ್ಲ.

ಮತದಾರನು ಒಬ್ಬರಿಗೇ ಮುದ್ರೆಯೊತ್ತಿ ಬರುವುದಿಲ್ಲ. ಎಲ್ಲ ಉಮೇದುವಾರರನ್ನೂ ತನ್ನ ಮೆಚ್ಚಿಕೆಯ ಅನುಸಾರ ಒಂದು, ಎರಡು, ಮೂರು ಎಂದು ಸಾಲಾಗಿ ಬರೆಯುತ್ತಾನೆ. ಎಣಿಕೆಯಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ಕುಸ್ತಿಯ ಕಣದಲ್ಲಿ ಇಳಿಸಿದಂತೆ, ಹೆಚ್ಚು ಜನ ಯಾರನ್ನು ಮೇಲೆ ಬರೆದಿದ್ದಾರೆಂದು ನೋಡಲಾಗುತ್ತದೆ. ಉಳಿದ ಎಲ್ಲರನ್ನೂ ಹೀಗೆ ಗೆದ್ದವರು ನಾಯಕರು. ಗಂಟು ಬಿದ್ದರೆ ಬಿಡಿಸಲು ಬೇರೆ ನಿಯಮಗಳಿವೆ. ಇದರಿಂದ ಒಂದು ದೊಡ್ಡ ಉಪಕಾರವುಂಟು. ‘ನಾನೂ ನಿಂತರೆ ನನ್ನ ಮಿತ್ರನ ಮತಗಳು ಒಡೆದು ಮೂರನೆಯವನು ಗೆದ್ದುಬಿಟ್ಟಾನು’ ಎಂಬ ಅಂಜಿಕೆಗೆ ಆಸ್ಪದ ಬಹಳ ಕಡಿಮೆ. ಒಂದೇ ವಿಚಾರದ ಇಬ್ಬರು ಸ್ನೇಹಿತರು ನಿಶ್ಚಿಂತೆಯಿಂದ ಜೊತೆಯಾಗಿ ನಿಲ್ಲಬಹುದು.

ಇನ್ನೊಂದು ವಿಶೇಷ. ಮತಪತ್ರದ ಕೊನೆಯಲ್ಲಿ ‘ಮೇಲಿನ ಯಾರೂ ಬೇಡ’ ಎಂಬ ಹೆಸರಿಲ್ಲದ ಉಮೇದುವಾರನೊಬ್ಬ ಯಾವಾಗಲೂ ಇರುತ್ತಾನೆ. ಅವನೇ ಗೆದ್ದರೆ ಚುನಾವಣೆಯನ್ನು ಮತ್ತೆ ನಡೆಸಬೇಕು. ೨೦೧೧, ೨೦೧೬, ೨೦೧೮, ೨೦೨೩ರ ಚುನಾವಣೆಗಳಲ್ಲಿ ಒಬ್ಬೊಬ್ಬರೇ ಉಮೇದುವಾರರಿದ್ದರು. ಆದರೂ ‘ಅವಿರೋಧ ಆಯ್ಕೆ’ ಎಂದು ಚಪ್ಪಾಳೆ ತಟ್ಟಿ ಮುಗಿಸದೆ, ಈ ಮೌನಿ ಪ್ರತಿಸ್ಪರ್ಧಿಯ ಎದುರು ಮತದಾನ ನಡೆಸಿಯೇ ತೀರಿದರು. ನಾಯಕನ ಚುನಾವಣೆಯಲ್ಲಿ ಮತವು ಗುಪ್ತ. ಆದರೂ ಪ್ರತಿಯೊಬ್ಬ ಮತದಾರನೂ ತನಗೆ ಮಾತ್ರ ತಿಳಿದ ಗುರುತಿನ ಮೂಲಕ, ಪ್ರಕಟವಾದ ಪಟ್ಟಿಯಲ್ಲಿ ತನ್ನ ಮತ ಸರಿಯಾಗಿ ಸೇರಿದೆಯೇ ಎಂದು ನೋಡಿಕೊಳ್ಳಬಹುದು.

ಸೋತವರ ಸಾಲು

ಇನ್ನು ಸೋಲಿನ ಭಯದ ಮಾತು. ಡೆಬಿಯನ್ ನಾಯಕರ ಪಟ್ಟಿಯನ್ನು ತಾಳ್ಮೆಯಿಂದ ಓದಿದವರಿಗೆ ಒಂದು ಸೋಜಿಗ ಕಾಣುತ್ತದೆ. ಅದು ಗೆದ್ದವರ ಪಟ್ಟಿಯಾಗಿರುವಂತೆಯೇ ಹಿಂದೆ ಸೋತವರ ಪಟ್ಟಿಯೂ ಹೌದು.

ಸ್ಟೀವ್ ಮ್ಯಾಕಿಂಟೈರ್ ೨೦೦೬ರಲ್ಲಿ ನಿಂತು ಆಂಟನಿ ಟೌನ್ಸ್ ಅವರಿಗೆ ಸೋತರು. ಗೆದ್ದ ಟೌನ್ಸ್ ಅವರು ಸೋತವರನ್ನೇ ಕರೆದು ತಮ್ಮ ಸಹಾಯಕರನ್ನಾಗಿ ಮಾಡಿಕೊಂಡರು. ೨೦೦೭ರಲ್ಲಿ ಮ್ಯಾಕಿಂಟೈರ್ ಮತ್ತೆ ನಿಂತರು, ಮತ್ತೆ ಸೋತರು. ೨೦೦೮ರಲ್ಲಿ ಮೂರನೆಯ ಸಲ ನಿಂತಾಗ ಗೆಲುವು ಒಲಿಯಿತು. ೨೦೦೯ರಲ್ಲಿ ಅವರೆದುರು ನಿಂತು ಸೋತವರು ಸ್ಟೆಫಾನೊ ಜಾಕಿರೊಲಿ. ಮರುವರ್ಷವೇ ಅವರು ಗೆದ್ದರು. ಅಷ್ಟೇ ಅಲ್ಲದೆ ಸತತವಾಗಿ ಮೂರು ಅವಧಿ ನಾಯಕರಾಗಿದ್ದರು. ೨೦೧೪ರಲ್ಲಿ ಸೋತ ನೀಲ್ ಮೆಕ್‌ಗವರ್ನ್ ೨೦೧೫ರಲ್ಲಿ ಗೆದ್ದರು. ಆ ೨೦೧೫ರಲ್ಲಿ ಸೋತ ಮೆಹ್ದಿ ದೊಗಿ ೨೦೧೬ರಲ್ಲಿ ನಾಯಕರಾದರು. ಇನ್ನು ಬರಿದಾದ ಪೀಠದ ವರ್ಷ ೨೦೧೯ರಲ್ಲಿ ಹಾರ್ಟ್‌ಮನ್ ಅವರಿಗೆ ಸೋತ ಜೊನಾಥನ್ ಕಾರ್ಟರ್? ದಕ್ಷಿಣ ಆಫ್ರಿಕದ ಈ ಸ್ವಯಂಸೇವಕರು ೨೦೨೦ರಲ್ಲಿ ಆಯ್ಕೆಯಾಗಿ, ೨೦೨೪ರವರೆಗೆ ಸತತವಾಗಿ ನಾಲ್ಕು ಅವಧಿ ಹೊಣೆ ಹೊತ್ತರು. ಮಹಾಮಾರಿಯಿಂದ ಲೋಕವೇ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ೨೦೨೦ರ ವಾರ್ಷಿಕ ಸಮ್ಮೇಳನ ಎಲ್ಲರೂ ಮನೆಯಲ್ಲಿ ಕುಳಿತೇ ಸೇರುವ ಸಮ್ಮೇಳನವಾಗಿ ನಡೆದದ್ದು ಅವರ ಅವಧಿಯಲ್ಲಿಯೇ.

ಇದರಲ್ಲಿ ಅಚ್ಚರಿಯೇನೂ ಇಲ್ಲ. ಮೂರು ವಾರ ಸಾವಿರ ಜನರ ಪ್ರಶ್ನೆಗಳಿಗೆ ಉತ್ತರ ಹೇಳಿದವನು ಆ ಮನೆಯ ಮೂಲೆಮೂಲೆಯನ್ನೂ ತಿಳಿದುಕೊಳ್ಳುತ್ತಾನೆ. ಮನೆಯವರೂ ಅವನನ್ನು ತಿಳಿದುಕೊಳ್ಳುತ್ತಾರೆ. ಸೋತವನು ಬರಿಗೈಯಲ್ಲಿ ಮರಳುವುದಿಲ್ಲ. ಮುಂದಿನ ವರ್ಷದ ಬೀಜ ಅವನ ಮಡಿಲಲ್ಲಿರುತ್ತದೆ. ಒಬ್ಬರೇ ನಿಂತ ವರ್ಷಗಳಲ್ಲಿ ಆ ಬೀಜವೇ ಬೀಳುವುದಿಲ್ಲ. ಆದ್ದರಿಂದ ‘ಹೇಗೂ ಒಬ್ಬರಿದ್ದಾರಲ್ಲ’ ಎಂಬ ಸಮಾಧಾನದಲ್ಲಿ ಒಂದು ಅಪಾಯ ಅಡಗಿದೆ.

ಗೆಲುವನ್ನೇ ಗುರಿಯಾಗಿಟ್ಟುಕೊಳ್ಳದೆ ನಿಂತವರೂ ಉಂಟು. ಕೇರಳದ ಶ್ರುತಿ ಚಂದ್ರನ್ ಅಂಥವರಲ್ಲೊಬ್ಬರು. ಗ್ರಂಥಾಲಯದ ವೃತ್ತಿಯಿಂದ ಮುಕ್ತ ತಂತ್ರಾಂಶದ ಕಡೆಗೆ ಬಂದವರು ಅವರು. ೨೦೨೦ರಲ್ಲಿ ನಿಂತಾಗ, ಭಾರತದಂಥ ದೊಡ್ಡ ದೇಶದಿಂದ ಈ ಬಳಗದಲ್ಲಿ ಪೂರ್ಣ ಸದಸ್ಯತ್ವ ಪಡೆದ ಮಹಿಳೆಯರು ಇಬ್ಬರೇ ಎಂಬ ವ್ಯಥೆಯನ್ನು ತಮ್ಮ ಪ್ರಣಾಳಿಕೆಯಲ್ಲಿ ತೋಡಿಕೊಂಡರು. ಚುನಾವಣೆಯ ಹೊತ್ತಿನಲ್ಲಿ ಈ ಮಾತು ಎಲ್ಲರ ಚರ್ಚೆಗೆ ಬರಬೇಕು, ಅದೇ ತಮ್ಮ ಮುಖ್ಯೋದ್ದೇಶ ಎಂದು ಸ್ಪಷ್ಟಪಡಿಸಿದರು. ಆ ಸಲ ಗೆದ್ದವರು ಕಾರ್ಟರ್. ಆಕೆ ಎದೆಗುಂದಲಿಲ್ಲ, ೨೦೨೧, ೨೦೨೪, ೨೦೨೫ರ ಚುನಾವಣೆಗಳಲ್ಲಿಯೂ ನಿಂತರು. ಆ ಚುನಾವಣೆಗಳಲ್ಲಿ ಗೆಲುವು ಬೇರೆಯವರ ಪಾಲಾದರೂ, ಅವರೆತ್ತಿದ ಪ್ರಶ್ನೆಗೆ ಪ್ರತಿಸ್ಪರ್ಧಿಗಳೂ ಉತ್ತರ ಹೇಳಬೇಕಾಯಿತು. ಪೀಠ ಏರದೆಯೂ ಪೀಠದ ದೃಷ್ಟಿಯನ್ನು ಒಂದು ಕಡೆಗೆ ತಿರುಗಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕರೆಯುವ ಕಲೆ

ಸ್ವಯಂಸೇವಕರನ್ನು ನಾಯಕತ್ವಕ್ಕೆ ಒಲಿಸುವುದು ಹೇಗೆ ಎಂಬ ಪ್ರಶ್ನೆ ಡೆಬಿಯನ್ ಒಂದರದೇ ಅಲ್ಲ. ಪೈಥಾನ್ ಎಂಬ ಗಣಕಭಾಷೆಯನ್ನು ಸೃಷ್ಟಿಸಿದ ಗೀಡೊ ವಾನ್ ರೋಸಮ್ ಬಹುಕಾಲ ಆ ಬಳಗದ ಆಜೀವ ಯಜಮಾನರೆಂದು ಪ್ರೀತಿಯಿಂದ ಕರೆಸಿಕೊಂಡಿದ್ದರು. ಭಾಷೆಗೆ ಸೇರಿಸಬೇಕಾದ ಒಂದು ಅಂಶದ ಬಗೆಗಿನ ಕಹಿ ವಾಗ್ವಾದದಿಂದ ಬಳಲಿ ೨೦೧೮ರ ಜುಲೈಯಲ್ಲಿ ಅವರು ಆ ಸ್ಥಾನವನ್ನು ಬಿಟ್ಟುಕೊಟ್ಟರು. ಉತ್ತರಾಧಿಕಾರಿಯನ್ನು ಹೆಸರಿಸಲಿಲ್ಲ. ಬಳಗದವರು ಯೋಚಿಸಿ, ಒಬ್ಬನ ಹೆಗಲಿನ ಭಾರವನ್ನು ಐವರ ಮೇಲೆ ಹಂಚಿದರು. ೨೦೧೯ರ ಆರಂಭದಲ್ಲಿ ಮೊದಲ ಐವರ ಸಮಿತಿ ಚುನಾಯಿತವಾಯಿತು. ಆ ಐವರಲ್ಲಿ ವಾನ್ ರೋಸಮ್ ಅವರೂ ಒಬ್ಬರು! ಒಂಟಿಯಾಗಿ ಹೊರಲಾರದ್ದನ್ನು ಐವರಲ್ಲಿ ಒಬ್ಬರಾಗಿ ಹೊರಲು ಅವರೂ ಒಪ್ಪಿದರು.

ಡೆಬಿಯನ್ ಒಬ್ಬರೇ ನಾಯಕರೆಂಬ ಪದ್ಧತಿಯನ್ನು ಉಳಿಸಿಕೊಂಡಿತು. ಆದರೂ ಎರಡು ಮನೆಗಳ ಅನುಭವದಿಂದ ಹೊರಡುವ ನೀತಿ ಒಂದೇ. ಭಾರ ಹಂಚಿಕೆಯಾಗುತ್ತದೆಂಬ ಭರವಸೆಯಿದ್ದರೆ ಜನ ಮುಂದೆ ಬರುತ್ತಾರೆ. ಒಂದೇ ವರ್ಷದ ಅವಧಿಯೆಂದರೆ ‘ಒಮ್ಮೆ ನೋಡಿಯೇ ಬಿಡೋಣ’ ಎಂಬ ಧೈರ್ಯ ಬರುತ್ತದೆ. ವರ್ಷ ತುಂಬಿದ ಮೇಲೆ ಕೆಳಗಿಳಿಯುವುದಕ್ಕೂ ಅಷ್ಟೇ ಗೌರವ ಸಲ್ಲಬೇಕು. ಹಾರ್ಟ್‌ಮನ್ ಒಂದು ಅವಧಿ ಮುಗಿಸಿ ಮತ್ತೆ ನಿಲ್ಲಲಿಲ್ಲ, ಬಳಗದವರಾಗಿಯೇ ಉಳಿದರು. ಇಳಿಯುವ ಮೆಟ್ಟಿಲು ಕಾಣುತ್ತಿದ್ದರೆ ಏರುವವನಿಗೆ ಹೆದರಿಕೆ ಕಡಿಮೆ.

ಇವೆಲ್ಲಕ್ಕಿಂತ ಮುಖ್ಯವಾದುದು ಬಾಯಿತುಂಬ ಕರೆಯುವುದು. ‘ಯಾರಾದರೂ ಮುಂದೆ ಬನ್ನಿ’ ಎಂದು ಡಂಗುರ ಸಾರಿದರೆ ಅದು ಯಾರ ಕಿವಿಗೂ ತಾಗುವುದಿಲ್ಲ. ‘ಯಾರಾದರೂ’ ಎಂಬ ಹೆಸರಿನವರು ಎಲ್ಲಿಯೂ ಇಲ್ಲವಷ್ಟೆ. ‘ನೀವು ನಿಲ್ಲಿ. ಕಳೆದ ವರ್ಷ ಆ ಇಬ್ಬರ ನಡುವಿನ ಮನಸ್ತಾಪವನ್ನು ನೀವು ತಿಳಿಗೊಳಿಸಿದ್ದನ್ನು ಕಂಡಿದ್ದೇವೆ. ಲೆಕ್ಕಪತ್ರದ ಕೆಲಸಕ್ಕೆ ನಾವಿದ್ದೇವೆ’ ಎಂದು ಹೆಸರು ಹಿಡಿದು, ಗುಣ ತೋರಿಸಿ, ನೆರವು ಮುಡಿಪಿಟ್ಟು ಕರೆದರೆ ಅದಕ್ಕೆ ತೂಕ ಬೇರೆ. ಸಂಕೋಚದ ಸ್ವಭಾವದವರಿಗೆ, ಅದರಲ್ಲಿಯೂ ಇದುವರೆಗೆ ತಮ್ಮಂಥವರನ್ನು ಆ ಪೀಠದಲ್ಲಿ ಕಂಡಿರದವರಿಗೆ, ಆ ಒಂದು ಕರೆಯಿಂದಲೇ ಬಾಗಿಲು ತೆರೆದೀತು.

ಗುಬ್ಬಿ ಮತ್ತು ನವಿಲು

ಸಾಗರದಾಚೆಯ ಈ ಚುನಾವಣೆಯಿಂದ ಕನ್ನಡಿಗರಿಗೇನು ಎಂದು ವಾಚಕರು ಕೇಳಬಹುದು. ೨೦೨೩ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಮೊಟ್ಟಮೊದಲ ಬಾರಿಗೆ ಭಾರತಕ್ಕೆ ಬಂದು ಕೊಚ್ಚಿಯಲ್ಲಿ ನೆರೆಯಿತು. ಅದು ನೆರೆಯ ನಾಡಿನ ಮಾತಾಯಿತು. ಕನ್ನಡದ ನಂಟು ಇನ್ನೂ ಹತ್ತಿರದ್ದು. ಡೆಬಿಯನ್ನನ್ನು ಯಂತ್ರಕ್ಕೆ ಹೊಂ‌ದಿಸುವಾಗ ಅದು ಯಾವ ಭಾಷೆಯಲ್ಲಿ ಮಾತನಾಡಬೇಕೆಂದು ಕೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಅದರ ಉಗ್ರಾಣದಲ್ಲಿರುವ ಸಾವಿರಾರು ಗಂಟುಗಳ ನಡುವೆ ‘ಗುಬ್ಬಿ’, ‘ನವಿಲು’ ಎಂಬ ಎರಡು ಪುಟ್ಟ ಗಂಟುಗಳುಂಟು. ಅವು ಕನ್ನಡದ ಅಕ್ಷರವಿನ್ಯಾಸಗಳು. ಆಸ್ಟ್ರೇಲಿಯದಲ್ಲಿ ಕುಳಿತವನೂ ಬ್ರೆಜಿಲಿನಲ್ಲಿ ಕುಳಿತವನೂ ಕೂಡ ಕಾಸು ಖರ್ಚಿಲ್ಲದೆ ಅವುಗಳನ್ನು ತರಿಸಿಕೊಂಡು ಕನ್ನಡವನ್ನು ದುಂಡಾಗಿ ಓದಬಹುದು.

ಆ ಗುಬ್ಬಿಗೂ ನವಿಲಿಗೂ ನೀರು ಕಾಳು ಇಡುವವರು ಸ್ವಯಂಸೇವಕರು. ಅವರು ಕೆಲಸ ಮಾಡುವ ಅಂಗಳ ಚೊಕ್ಕಟವಾಗಿರುವಂತೆ, ಬೊಕ್ಕಸದ ಲೆಕ್ಕ ಸರಿಯಿರುವಂತೆ, ಜಗಳ ಬೀದಿಗೆ ಬಾರದಂತೆ ನೋಡಿಕೊಳ್ಳುವವರು ಪ್ರತಿ ವರ್ಷ ಒಬ್ಬರು ಬೇಕು. ವರ್ಷದ ಆರಂಭದಲ್ಲಿ ಚುನಾವಣೆಯ ಪ್ರಕಟಣೆ ಹೊರಟಾಗಲೆಲ್ಲ ಆ ಸಾವಿರ ಮಂದಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ೨೦೧೯ರ ಆ ಬರಿದಾದ ವಾರವನ್ನು ಕಂಡವರು ಈಗ ಒಂದು ಸಂಗತಿಯನ್ನು ಬಲ್ಲರು. ಯೋಗ್ಯನೊಬ್ಬ ತಾನಾಗಿಯೇ ಎದ್ದು ನಿಲ್ಲಲಿ ಎಂದು ಕಾಯುತ್ತ ಕುಳಿತರೆ ವಾರ ಕಳೆದುಹೋಗುತ್ತದೆ. ಪಕ್ಕದಲ್ಲಿ ಕುಳಿತವರ ಹೆಸರು ಹಿಡಿದು ‘ಏಳಿ, ನಿಮ್ಮ ಹಿಂದೆ ನಾವಿದ್ದೇವೆ’ ಎಂದರೆ ಬಹುಶಃ ಅವರು ಏಳುತ್ತಾರೆ.